ಉದ್ರಿ ಖಾತೆ: ನೀವು ಕೇಳಿದ್ದು, ಗುಮಾಸ್ತ ಹೇಳಿದ್ದು

ಈ ತಿಂಗಳು ಕಾಗದ ಜಾಸ್ತಿ ಬಂದಿದಾವೆ, ವಾಟ್ಸಾಪಲ್ಲಿ ಬಂದಿದ್ದು ಬೇರೆ, ಅದರಲ್ಲಿ ಅರ್ಧ ಬರೀ ಗುಡ್ ಮಾರ್ನಿಂಗ್ ಹೂವು. ಹೊಸದಾಗಿ ಓದೋರಿಗೆ ಒಂದು ಮಾತು ಹೇಳಿಬಿಡ್ತೀನಿ, ನಾನು ಸ್ವಾಮೀಜಿನೂ ಅಲ್ಲ ಸೈಕಾಲಜಿ ಓದಿದೋನೂ ಅಲ್ಲ, ದಾವಣಗೆರೆ ಎಪಿಎಂಸಿ ಯಾರ್ಡಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದು ಮನೆಗೆ ಬಂದ ಗುಮಾಸ್ತ. ಯಾರು ಉದ್ರಿ ತಗೊಂಡ್ರು, ಯಾರು ತೀರಿಸಿದ್ರು, ಯಾರು ತೀರಿಸದೇ ಮಗನ ಮದುವೆಗೆ ಎರಡೆರಡು ಬ್ಯಾಂಡ್‌ಸೆಟ್ ತರಿಸಿದ್ರು ಅಂತ ಬರೀತಾ ಬರೀತಾ ಮನುಷ್ಯರ ಬುದ್ಧಿ ಒಂಚೂರು ತಿಳಿಯುತ್ತೆ. ನನ್ನ ಕ್ವಾಲಿಫಿಕೇಶನ್ ಅಷ್ಟೇ, ಜಾಸ್ತಿ ನಂಬಬೇಡಿ.

ಪ್ರ: ಅಣ್ಣಾರೆ, ಎರಡು ವರ್ಷದ ಹಿಂದೆ ನನ್ನ ಫ್ರೆಂಡ್ ತಂಗಿ ಮದುವೆಗೆ ಅಂತ ನಲವತ್ತು ಸಾವಿರ ಕೊಟ್ಟೆ. ವಾಪಸ್ ಕೊಡು ಅಂತ ಒಂದು ಸಲಾನೂ ಕೇಳಿಲ್ಲ. ಆದ್ರೂ ಅವನು ಈಗ ನನ್ನ ಕಂಡ್ರೆ ಗಾಂಧಿ ಸರ್ಕಲ್‌ನಲ್ಲಿ ರೋಡ್ ದಾಟಿ ಆಕಡೆ ಹೋಗ್ತಾನೆ, ಬೇರೆ ಫ್ರೆಂಡ್ಸ್ ಹತ್ರ 'ಅವನಿಗೆ ಈಗ ಜಂಬ' ಅಂತಾನಂತೆ. ನಾನು ಒಂದು ಸಲಾನೂ ಕೇಳಿಲ್ಲ ಅಣ್ಣಾರೆ. ಉಪಕಾರ ಮಾಡಿದ್ದಕ್ಕೆ ಇದಾ ಸಿಗೋದು? ಮನುಷ್ಯರು ಇಷ್ಟೇನಾ?
(ಹೆಸರು ಬೇಡ, ವಿದ್ಯಾನಗರ, ದಾವಣಗೆರೆ)

ಉ: ತಮ್ಮಾ, ನಿನ್ನ ಕಾಗದ ಓದಿ ನಿನ್ನ ಮೇಲೆ ಕನಿಕರ ಬರಬೇಕಿತ್ತು, ನನಗೆ ಬಂದಿದ್ದು ಆ ನಿನ್ನ ಫ್ರೆಂಡ್ ಮೇಲೆ. ಯಾಕಂದ್ರೆ ಆ ರೋಡು ನಾನೂ ದಾಟಿದೀನಿ.

1989ನೇ ಇಸವಿ. ನನ್ನ ಹೆಂಡತಿಗೆ ಎರಡನೇ ಹೆರಿಗೆ, ರಾತ್ರಿ ಹತ್ತಕ್ಕೆ ನೋವು ಶುರುವಾಗಿ ಆಪರೇಶನ್ ಮಾಡ್ಬೇಕು, ಅಡ್ವಾನ್ಸ್ ಕಟ್ಟಿ ಅಂದ್ರು. ನನ್ನ ಸಂಬಳ ಆಗ ತಿಂಗಳಿಗೆ 450 ರೂಪಾಯಿ. ಯಜಮಾನ್ರ ಮನೆಗೆ ಓಡಿದೆ, ಅರ್ಧ ಬಾಗಿಲು ತೆಗೆದು 'ಬೆಳಗ್ಗೆ ನೋಡಾನ ಬಿಡು' ಅಂದ್ರು. ಅಲ್ಲಿಂದ ಅಂಗಡಿ ಕಡೆ ಯಾಕೆ ಹೋದೆ ಅಂತ ನನಗೇ ಗೊತ್ತಿಲ್ಲ, ದಿನಾ ನಡೆದ ದಾರಿ, ಕಾಲು ತಾವೇ ಹೋದ್ವು. ಅಂಗಡಿ ಮುಂದೆ ಮೆಕ್ಕೆಜೋಳದ ಚೀಲದ ಮೇಲೆ ನಮ್ಮ ಹಮಾಲಿ ಒಬ್ಬ ಮಲಗಿದ್ದ. ಎದ್ದು ಕೂತು ಯಾಕ್ರಿ ಈ ಹೊತ್ತಲ್ಲಿ ಅಂದ, ಹೇಳ್ದೆ. ಎಲೆ ಅಡಿಕೆ ಚಂಚಿ ಬಿಚ್ಚಿ ಒಳಗಿನ ಅರೆಯಿಂದ ಆರುನೂರು ರೂಪಾಯಿ ತೆಗೆದು ಕೈಗಿಟ್ಟ. ನೋಟಿಗೆಲ್ಲ ಸುಣ್ಣ ಹತ್ತಿತ್ತು. ಆಸ್ಪತ್ರೆ ಕೌಂಟರ್ ಮುಂದೆ ಆ ನೋಟನ್ನ ಪಂಚೆ ಅಂಚಿಗೆ ಒರೆಸಿ ಒರೆಸಿ ಎಣಿಸಿದ್ದು ಇನ್ನೂ ಕಣ್ಣಲ್ಲಿದೆ.

ಮೊದಲನೇ ತಿಂಗಳು ಅವನನ್ನ ಕಂಡ್ರೆ ನಾನೇ ಹೋಗಿ ಮಾತಾಡಿಸ್ತಿದ್ದೆ, ಚಾ ಕುಡಿಸ್ತಿದ್ದೆ. ಎರಡನೇ ತಿಂಗಳು ಕೊಡೋಕಾಗ್ಲಿಲ್ಲ, ಮಗುವಿಗೆ ಹಾಲಿನ ಪುಡಿ ಅದು ಇದು. ಮೂರನೇ ತಿಂಗಳು ಒಂದಿನ ನನಗೇ ಗಮನಕ್ಕೆ ಬಂತು, ನಾನು ಯಾರ್ಡಿನ ಹಿಂದಿನ ಗೇಟಿಂದ ಅಂಗಡಿಗೆ ಬರ್ತಿದೀನಿ, ಎಷ್ಟು ದಿನದಿಂದ ಬರ್ತಿದೀನೋ ಏನೋ. ಅವನು ಒಂದು ದಿನಾನೂ ಕೇಳಿರ್ಲಿಲ್ಲ. ಕೇಳಿದ್ರೆ ಚೆನ್ನಾಗಿರ್ತಿತ್ತು ನೋಡು, ಒಂದು ಜಗಳ ಆಡಿ ಹಗುರ ಆಗ್ತಿದ್ದೆ. ಕೇಳದೇ ಇರೋನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ಬೇರೆ ಕಾರಣ ಹುಡುಕಬೇಕಾಗುತ್ತೆ, ಹುಡುಕಿದೆ. ಅವನ ಬಾಯಿಗೆ ಎಲೆಅಡಿಕೆ ವಾಸನೆ, ಅವನು ಚೀಲ ಸರಿಯಾಗಿ ಜೋಡಿಸಲ್ಲ, ಅವನಿಗೆ ಕೊಬ್ಬು, ಯಜಮಾನ್ರ ಮುಂದೆ ಕೂತು ಮಾತಾಡ್ತಾನೆ. ಒಂದಿನ ಅವನು ಹೊತ್ತಿದ್ದು 62 ಚೀಲ, ನಾನು ಬರೆದಿದ್ದು 60. ಬೇಕು ಅಂತ ಮಾಡ್ಲಿಲ್ಲ ಅಂತ ಇವತ್ತಿಗೂ ನನಗೆ ನಾನೇ ಹೇಳ್ಕೊಳ್ತೀನಿ. ಅವನು ನೋಡಿದ, ಎರಡು ಚೀಲ ಕಮ್ಮಿ ಐತಲ್ಲ ಸಾಹೇಬ್ರೇ ಅಂದ, ನಾನು ಪೆನ್ನು ಎತ್ತದೇ 'ಎಣಿಸೋಕೆ ಬರುತ್ತಾ ನಿನಗೆ' ಅಂದೆ. ಆರುನೂರು ಕೊಟ್ಟ ರಾತ್ರಿ ಅವನಿಗೆ ಎಣಿಸೋಕೆ ಬಂದಿತ್ತು.

ಅವನು ಆಮೇಲೆ ಏನು ಮಾಡ್ದ ಕೇಳು. ಹದಿನೈದು ದಿನ ಬಿಟ್ಟು ಒಂದು ಫಾರಂ ಹಿಡ್ಕೊಂಡು ಬಂದ, ಮಗಳನ್ನ ಹೈಸ್ಕೂಲಿಗೆ ಸೇರಿಸ್ಬೇಕು ತುಂಬಿಕೊಡ್ರಿ ಅಂದ. ತುಂಬಿದೆ. ಮತ್ತೆ ಬಂದ, ಇನ್‌ಕಂ ಸರ್ಟಿಫಿಕೇಟಿಗೆ ಅರ್ಜಿ. ಆಮೇಲೆ ರೇಷನ್ ಕಾರ್ಡಲ್ಲಿ ಹೆಂಡತಿ ಹೆಸರು ತಪ್ಪಾಗಿದೆ ಅಂತ. ವಾರಕ್ಕೊಂದು. ಮೊದಮೊದಲು ಬಡ್ಡಿ ವಸೂಲಿ ಮಾಡ್ತಿದಾನೆ ಅಂದ್ಕೊಂಡೆ, ನಾಕೈದು ಸಲ ಆದ್ಮೇಲೆ ನೋಡ್ತೀನಿ ಮುಂದಿನ ಗೇಟಿಂದ ಬರೋಕೆ ಶುರು ಮಾಡಿದೀನಿ. ಆಮೇಲೆ ತಿಂಗಳಿಗೆ 50ರ ಹಂಗೆ ಹನ್ನೆರಡು ತಿಂಗಳಲ್ಲಿ ತೀರಿಸಿದೆ, ಅವನೂ ಬೇಡ ಅನ್ನಲಿಲ್ಲ, ಎಣಿಸಿ ತಗೊಂಡು ಚಂಚಿಗೆ ಹಾಕ್ಕೊಂಡ. ನಿಜವಾಗ್ಲೂ ಅವನಿಗೆ ಫಾರಂ ತುಂಬೋರು ಬೇರೆ ಯಾರೂ ಇರ್ಲಿಲ್ವೋ, ಇಲ್ಲಾ ನನ್ನ ಮುಖ ನೋಡಿ ಹಂಗೆ ಮಾಡಿದ್ನೋ, ನಾನು ಕೇಳೋಕೆ ಹೋಗಿಲ್ಲ.

ಅದಕ್ಕೇ ಹೇಳ್ತಿದೀನಿ, ನಿನ್ನ ಫ್ರೆಂಡಿಗೆ ನೀನು ಕೊಟ್ಟ ದುಡ್ಡು ಭಾರ ಆಗಿಲ್ಲ, ನಿನಗೆ ಅವನಿಂದ ಏನೂ ಬೇಡ ಅನ್ನೋದು ಭಾರ ಆಗಿದೆ. ಏನಾದ್ರೂ ಕೇಳು ಅವನನ್ನ. ದುಡ್ಡಲ್ಲದ್ದು. ನಿಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಜೊತೆಗೆ ಬಾ ಅನ್ನು, ಬೈಕ್ ಪಂಚರ್ ಆಗಿದೆ ಬಾತಿ ಹತ್ರ ಇದೀನಿ ಬಾರಪ್ಪ ಅನ್ನು. ದುಡ್ಡು ನಿನಗೆ ನಿಜವಾಗ್ಲೂ ಬೇಕಿದ್ರೆ ಅದನ್ನೂ ನೇರವಾಗಿ ಕೇಳು, ತಿಂಗಳಿಗೆ ಎರಡು ಸಾವಿರದಂಗೆ ಇಪ್ಪತ್ತು ತಿಂಗಳು, ಮುಗೀತು. 'ಹೋಗ್ಲಿ ಬಿಡು, ಆ ದುಡ್ಡು ಬಿಟ್ಟೆ' ಅಂತ ಮಾತ್ರ ಹೇಳಬೇಡ, ಅದನ್ನ ಕೇಳಿಸ್ಕೊಳ್ಳೋದು ಸಾಲಕ್ಕಿಂತ ಕಷ್ಟ. ಮತ್ತೆ ಇನ್ನೊಂದು, ಬೇಜಾರಾಗಬೇಡ, ನಿನ್ನ ಕಾಗದದಲ್ಲಿ 'ಒಂದು ಸಲಾನೂ ಕೇಳಿಲ್ಲ' ಅಂತ ಎರಡು ಸಲ ಬರೆದಿದೀಯ. ಕೇಳದೇ ಇದ್ದಿದ್ದನ್ನೂ ನೀನು ಖಾತೆಗೆ ಏರಿಸಿದೀಯ ತಮ್ಮಾ. ಅವನು ರೋಡ್ ದಾಟೋದು ಅದು ಕಂಡೇ.

ಪ್ರ: ದುಡ್ಡಿದ್ರೆ ಸುಖ ಇರುತ್ತಾ?
(ಒಬ್ಬ ಶಿಕ್ಷಕಿ, ಚಳ್ಳಕೆರೆ)

ಉ: ಇಲ್ಲದಿದ್ರೆ ಇರಲ್ಲ, ಅದನ್ನ ನಾನು ಬರೆದುಕೊಡ್ತೀನಿ. ಇದ್ರೆ ಇರುತ್ತಾ ಅನ್ನೋದನ್ನ ಇದ್ದೋರು ಹೇಳಬೇಕು, ಅವರು ಯಾರೂ ಈ ಕಾಲಂಗೆ ಕಾಗದ ಹಾಕಿಲ್ಲ ಇನ್ನೂ.

ಪ್ರ: ನಾನು ಮೂವತ್ತಾರು ವರ್ಷ ಸರ್ಕಾರಿ ನೌಕರಿ ಮಾಡಿದೋನು, ಒಂದು ರೂಪಾಯಿ ಮುಟ್ಟಿದೋನಲ್ಲ. ನನ್ನ ಜೊತೆಗಿದ್ದೋರು ಎಲ್ಲಾ ದಾವಣಗೆರೆಯಲ್ಲಿ ಮನೆ, ಸೈಟು ಮಾಡ್ಕೊಂಡ್ರು. ಈಗ ನನ್ನ ಮಕ್ಕಳೇ 'ನಿಮ್ಮ ಪ್ರಾಮಾಣಿಕತೆಯಿಂದ ನಮಗೆ ಏನು ಸಿಕ್ತು' ಅಂತ ಕೇಳ್ತಾರೆ. ಏನು ಉತ್ತರ ಕೊಡಲಿ?
(ನಿವೃತ್ತ ನೌಕರ, ಜಗಳೂರು)

ಉ: ಯಜಮಾನ್ರೇ, ಮೊದಲು ಕೈ ಮುಗೀತೀನಿ, ಮೂವತ್ತಾರು ವರ್ಷ ಸಣ್ಣ ಮಾತಲ್ಲ. ಆಮೇಲೆ ಒಂದಿಷ್ಟು ಬೈತೀನಿ, ವಯಸ್ಸಲ್ಲಿ ಸಮ ಇದೀವಿ ಅಂತ ಸಲಿಗೆ.

ಇಲ್ಲಿ ನಿಮ್ಮ ಪ್ರಶ್ನೆ ನಾಕು ಸಾಲಿಗೆ ಇಳಿಸಿ ಹಾಕಿದೀನಿ, ನಿಮ್ಮ ಕಾಗದ ಇದ್ದಿದ್ದು ನಾಕು ಪುಟ. ಅದರಲ್ಲಿ ಮೂರೂಕಾಲು ಪುಟ ಬೇರೆಯೋರ ಆಸ್ತಿ. ಯಾರ ಸೈಟು ಯಾವ ಲೇಔಟಲ್ಲಿ, ಮೂವತ್ತು ನಲವತ್ತಾ ನಲವತ್ತು ಅರವತ್ತಾ, ಯಾರ ಮಗನಿಗೆ ಯಾವ ಕಾರು, ಯಾರು ಯಾವ ವರ್ಷ ಮೇಲಿನ ಮಹಡಿ ಎತ್ತಿಸಿದ್ರು. ನಾನು ಗುಮಾಸ್ತ, ಇಷ್ಟು ಕ್ಲೀನಾಗಿ ನಮ್ಮ ಅಂಗಡಿ ಲೆಕ್ಕಾನೂ ಇಟ್ಟಿರ್ಲಿಲ್ಲ. ಕೈ ಮುಟ್ಟಿಲ್ಲ ನಿಜ, ಕಣ್ಣು ಮೂವತ್ತಾರು ವರ್ಷ ಅಲ್ಲೇ ಇತ್ತಲ್ಲ ಯಜಮಾನ್ರೇ.

ಮತ್ತೆ ಮಕ್ಕಳದ್ದು. ಅವರಿಗೆ ನಿಮ್ಮ ಪ್ರಾಮಾಣಿಕತೆ ಮೇಲೆ ಸಿಟ್ಟಿದೆ ಅಂತ ನನಗನಿಸಲ್ಲ. ನಾನು ಊಹೆ ಮೇಲೆ ಹೇಳ್ತೀನಿ ತಪ್ಪಿದ್ರೆ ಬರೀರಿ. ಮಗಳು ಹೈಸ್ಕೂಲಲ್ಲಿದ್ದಾಗ ಟೂರಿಗೆ ದುಡ್ಡು ಕೇಳಿರ್ತಾಳೆ, ನೀವು 'ನಿಮ್ಮಪ್ಪ ಲಂಚ ತಿನ್ನೋನಲ್ಲ ಕಣಮ್ಮ' ಅಂದಿರ್ತೀರಿ. 'ಈ ಸಲ ದುಡ್ಡಿಲ್ಲ ಮಗಾ' ಅಂದಿದ್ರೆ ಮುಗೀತಿತ್ತು, ಬಡತನ ಮಕ್ಕಳಿಗೆ ಅರ್ಥ ಆಗುತ್ತೆ. ಟೂರ್ ತಪ್ಪಿದ್ದಲ್ಲದೆ ಅಪ್ಪನ ದೊಡ್ಡಸ್ತಿಕೆಗೆ ಚಪ್ಪಾಳೆ ಬೇರೆ ತಟ್ಟಬೇಕು ಅಂದ್ರೆ ಹದಿನಾಲ್ಕು ವರ್ಷದ ಹುಡುಗಿಗೆ ಹೆಂಗಾಗಬೇಡ.

ನಮ್ಮ ಅಂಗಡಿಯಲ್ಲಿ ಒಂದು ಧರ್ಮದ ಖಾತೆ ಅಂತ ಇತ್ತು. ರೈತನ ಪಟ್ಟಿ ಬರೆಯೋವಾಗ ಕಮಿಷನ್, ಹಮಾಲಿ, ತೂಕ ಎಲ್ಲಾ ಮುರ್ಕೊಂಡು ಕೊನೆಗೆ ಧರ್ಮ ಅಂತ ಚಿಲ್ರೆ ಕಾಸು ಮುರ್ಕೊಳ್ಳೋದು. ರೈತನನ್ನ ಕೇಳ್ತಿರ್ಲಿಲ್ಲ. ವರ್ಷದ ಕೊನೆಗೆ ಆ ದುಡ್ಡು ಗುಡಿಗೋ ಅನ್ನದಾನಕ್ಕೋ ಹೋಗೋದು, ಕಲ್ಲಿನ ಮೇಲೆ ಹೆಸರು ಮಾತ್ರ ಯಜಮಾನ್ರದ್ದು. ಬರೀತಿದ್ದೋನು ನಾನು. ತಿಂಗಳಾನುಗಟ್ಟಲೆ ಬರೆದ ಮೇಲೆ ನನಗೂ ಆ ಗುಡಿ ಮುಂದೆ ಹಾದು ಹೋಗೋವಾಗ ಇದರಲ್ಲಿ ನನ್ನದೂ ಸ್ವಲ್ಪ ಪುಣ್ಯ ಇದೆ ಅನ್ಸೋಕೆ ಶುರುವಾಗಿತ್ತು! ಸಂಕಟ ಪಟ್ಟೋನು ಒಬ್ಬ, ಹೆಸರು ಇನ್ನೊಬ್ಬಂದು. ನಿಮ್ಮ ಮನೇಲೂ ಹಂಗೇ ಆಗಿದೆಯೇನೋ ನೋಡಿ, ಧರ್ಮ ನಿಮ್ಮ ಹೆಸರಲ್ಲಿ ಜಮಾ ಆಯ್ತು, ಮುರ್ಕೊಂಡಿದ್ದು ಹೆಂಡತಿ ಮಕ್ಕಳ ಪಟ್ಟಿಯಲ್ಲಿ. ನಿಮ್ಮ ಮನೆಯೋರು ಹರಿದ ಸೀರೆ ಎಷ್ಟು ಸಲ ಹೊಲ್ಕೊಂಡ್ರು ಅನ್ನೋದು ಆ ನಾಕು ಪುಟದಲ್ಲಿ ಎಲ್ಲೂ ಇಲ್ಲ.

ನಾಯಕನಹಟ್ಟಿ ನಿಮಗೆ ಹತ್ರ, ಜಾತ್ರೆಗೆ ಹೋಗಿರ್ತೀರಿ. ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದ ಕಥೆ ಆ ಕಡೆ ಎಲ್ಲರ ಬಾಯಲ್ಲೂ ಇದೆ, ಸಂಜೆ ಆದ್ಮೇಲೆ ಕೆಲಸದೋರು ಮರಳು ಗುಡ್ಡೆ ಮಾಡ್ಕೊಂಡು ಕೂರೋದು, ಕೆದಕಿದ್ರೆ ಯಾರು ಎಷ್ಟು ಮಣ್ಣು ಹೊತ್ತಿದಾರೋ ಅಷ್ಟೇ ಕೂಲಿ ಅದರೊಳಗೆ ಇರ್ತಿತ್ತು ಅಂತ. ಮಾಡಿದಷ್ಟು ನೀಡು ಭಿಕ್ಷೆ. ಹೊತ್ತಿದ್ದಕ್ಕೆ ಕೂಲಿ ಸಿಕ್ತು. ಪಕ್ಕದೋನ ಗುಡ್ಡೆ ಕೆದಕದೇ ಇದ್ದಿದ್ದಕ್ಕೆ ಅಂತ ಯಾರಿಗೂ ಎಕ್ಸ್ಟ್ರಾ ಬಂತು ಅಂತ ನಾನಂತೂ ಕೇಳಿಲ್ಲ. (ಅದೇ ಜಾತ್ರೆಯಲ್ಲಿ ಈಗ ತೇರಿನ ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜಾಗುತ್ತೆ, ಅದು ಬೇರೆ ಮಾತು, ಬರೆದ್ರೆ ಸಂಪಾದಕರು ಬೈತಾರೆ.)

ಮಕ್ಕಳಿಗೆ ಏನು ಉತ್ತರ ಕೊಡಲಿ ಅಂದ್ರಿ. ಉತ್ತರ ಕೊಡಬೇಡಿ, ಮಗಳನ್ನ ಕೂರಿಸ್ಕೊಂಡು ಆ ಟೂರ್ ಎಲ್ಲಿಗಿತ್ತಮ್ಮ ಅಂತ ಕೇಳಿ. ನಿಮಗೆ ನೆನಪಿರಲ್ಲ, ಅವಳಿಗಿರುತ್ತೆ.

ಪ್ರ: ಅಣ್ಣ ತಮ್ಮ ಇಬ್ಬರೂ ಭಾಗ ಆದ್ವಿ, ಈಗ ನಡುವಿನ ಗೋಡೆ ಯಾರ ಜಾಗದಲ್ಲಿ ಅಂತ ಕೋರ್ಟಿಗೆ ಹೋಗಿದೀವಿ. ನಾನು ಬಿಟ್ಟುಕೊಟ್ರೆ ಸೋತಂಗಾಗಲ್ವಾ?
(ಹರಿಹರದಿಂದ)

ಉ: ನಿಮ್ಮೂರ ಗುಡಿಯಲ್ಲಿ ಹರಿ ಹರ ಇಬ್ಬರೂ ಒಂದೇ ಕಲ್ಲಲ್ಲಿ ಅರ್ಧರ್ಧ ನಿಂತಿದಾರೆ, ಹೊಯ್ಸಳರ ಕಾಲದಿಂದ, ಎಂಟುನೂರು ವರ್ಷ ಆಯ್ತು, ನಡುವೆ ಗೋಡೆ ಕೇಳಿಲ್ಲ. ಬಿಟ್ಟುಕೊಟ್ರೆ ಸೋತಂಗೆ ಆಗುತ್ತೆ, ಹೌದು. ಒಂಬತ್ತಿಂಚು ಗೋಡೆ, ಒಂಬತ್ತಿಂಚಷ್ಟೇ ಸೋಲ್ತೀರಿ. ಕೇಸ್ ಗೆಲ್ಲೋ ಹೊತ್ತಿಗೆ ಎಷ್ಟು ಸೋತಿರ್ತೀರಿ ಅಂತ ನಿಮ್ಮ ವಕೀಲರ ಫೀಜಿನ ಚೀಟಿ ಒಟ್ಟು ಹಾಕಿ ನೋಡಿ.

ಪ್ರ: ಹೊಟ್ಟೆಕಿಚ್ಚು ಹೋಗೋಕೆ ಏನು ಮಾಡಬೇಕು ಗುಮಾಸ್ತರೇ? ನಿಜ ಹೇಳ್ತೀನಿ, ನಮ್ಮ ದೊಡ್ಡಪ್ಪನ ಮಗನ ತೋಟದಲ್ಲಿ ಬೋರ್ ಕೊರೆಸಿದ ಮೊದಲನೇ ಸಲಕ್ಕೇ ಮೂರಿಂಚು ನೀರು ಬಂತು. ನಂದು ಮೂರು ಬೋರ್ ಫೇಲ್. ಅವತ್ತಿಂದ ಅವರ ಅಡಿಕೆ ತೋಟದ ಕಡೆ ನೋಡೋಕೆ ಆಗ್ತಿಲ್ಲ, ರಾತ್ರಿ ಅವರ ಮೋಟರ್ ಸೌಂಡ್ ಕೇಳಿದ್ರೆ ನಿದ್ದೆ ಬರಲ್ಲ.
(ಹೊಳಲ್ಕೆರೆ ತಾಲ್ಲೂಕು)

ಉ: ಈ ತಿಂಗಳ ಕಾಗದದಲ್ಲಿ ಇದೇ ಎಲ್ಲಕ್ಕಿಂತ ಧೈರ್ಯದ್ದು. ಹೊಟ್ಟೆಕಿಚ್ಚು ನನಗಿದೆ ಅಂತ ಒಪ್ಪಿಕೊಂಡೋರನ್ನ ನಾನು ನೋಡಿದ್ದು ಕಮ್ಮಿ, ಎಲ್ಲರೂ 'ಅವನಿಗೆ ಬಂದಿದ್ದು ನ್ಯಾಯವಾಗಿ ಬಂದಿದ್ದಲ್ಲ' ಅಂತಾನೇ ಶುರು ಮಾಡೋದು.

ಹೋಗುತ್ತಾ ಅಂದ್ರೆ, ಪೂರ್ತಿ ಹೋಗಲ್ಲ. ನೋಡಿ, ದೇಶದ ದೊಡ್ಡ ಶ್ರೀಮಂತನಿಗೆ ಇನ್ನೊಂದು ಸಾವಿರ ಕೋಟಿ ಬಂತು ಅಂತ ಪೇಪರಲ್ಲಿ ಓದಿ ಯಾರ ನಿದ್ದೆನೂ ಕೆಡಲ್ಲ, ಮಡಚಿ ಆಕಡೆ ಇಡ್ತೀವಿ. ಒಂದೇ ತಾತನ ಹೊಲ, ಒಂದೇ ಬದು, ಒಂದೇ ಮಣ್ಣು, ಪಾಯಿಂಟ್ ಮಾಡಿದೋನೂ ಒಬ್ಬನೇ ಇರಬೇಕು, ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ನಿಮ್ಮ ಹೊಲದಲ್ಲೂ ನಡೆದಿರ್ತಾನೆ, ಅವರ ಹೊಲದಲ್ಲೂ ನಡೆದಿರ್ತಾನೆ, ಎರಡು ಕಡೆನೂ ಕಾಯಿ ಎದ್ದು ನಿಂತಿರುತ್ತೆ. ಅವರದ್ದಕ್ಕೆ ನೀರು ಬಂತು, ನಿಮ್ಮದಕ್ಕೆ ಧೂಳು ಬಂತು. ಇಲ್ಲಿ ತಪ್ಪು ಯಾರದ್ದೂ ಇಲ್ಲ ನೋಡಿ, ಅದೇ ಕಷ್ಟ. ನಮ್ಮ ಕಡೆ ಗಟ್ಟಿ ಕಲ್ಲಿನ ನೆಲ, ನೀರು ಇರೋದು ಕಲ್ಲಿನ ಸಂದಿಯಲ್ಲಿ, ಆ ಸಂದಿ ಸಿಕ್ರೆ ಸಿಕ್ತು, ಹತ್ತು ಮಾರು ಆಚೆ ತಪ್ಪಿದ್ರೆ ಎಂಟುನೂರು ಅಡಿ ಹೋದ್ರೂ ಪುಡಿನೇ. ತಪ್ಪು ಯಾರದ್ದಾದ್ರೂ ಇದ್ರೆ ಬೈದು ಸಮಾಧಾನ ಮಾಡ್ಕೋಬಹುದಿತ್ತು. ಬೈಯೋಕೆ ಯಾರೂ ಸಿಗದೇ ಇದ್ದಾಗ ಸಿಟ್ಟು ನೀರು ಸಿಕ್ಕಿದೋನ ಮನೆ ಮುಂದೆ ಹೋಗಿ ಕೂರುತ್ತೆ.

ಒಂದು ಮಾಡಿ ನೋಡಿ. ಹೋಗಿ ಅವನ ಹತ್ರ ನೀರು ಕೇಳಿ. ಬೇಸಿಗೆಗೆ ಒಂದೆರಡು ಗಂಟೆ ಪೈಪ್ ಬಿಡಪ್ಪ, ಕರೆಂಟ್ ಬಿಲ್ಲು ಅಂತ ಏನಿದೆಯೋ ಕೊಡ್ತೀನಿ ಅನ್ನಿ. ಕೊಟ್ರೆ ಆ ಮೋಟರ್ ಸೌಂಡಲ್ಲಿ ನಿಮ್ಮದೂ ಒಂದು ಪಾಲು ಇರುತ್ತೆ, ನಿದ್ದೆ ಬರುತ್ತೆ. ಕೊಡದಿದ್ರೆ ಕೊನೇ ಪಕ್ಷ ಬೈಯೋಕೆ ನ್ಯಾಯವಾದ ಕಾರಣ ಸಿಗುತ್ತೆ, ಅದೂ ಲಾಭವೇ. ನಾಕನೇ ಬೋರಿಗೆ ಸಾಲ ಮಾತ್ರ ಮಾಡಬೇಡಿ. ಹೊಟ್ಟೆಕಿಚ್ಚಿಗೆ ಕೊರೆಸಿದ ಬೋರಿನ ಬಾಕಿ ನಾನು ಬರೆದಷ್ಟು ಯಾರೂ ಬರೆದಿಲ್ಲ.

ಪ್ರ: ಮನುಷ್ಯ ಹುಟ್ಟಾ ಸ್ವಾರ್ಥಿನಾ?
(ಕಾಲೇಜು ವಿದ್ಯಾರ್ಥಿ, ದಾವಣಗೆರೆ)

ಉ: ಮಗಾ, ನಿಮ್ಮಜ್ಜಿ ಕಾಳು ಅಳೆಯೋದು ನೋಡಿದೀಯಾ? ಒಂದು ಅನ್ನಲ್ಲ, 'ಲಾಭ' ಅಂತಾರೆ. ಲಾಭ, ಎರಡು, ಮೂರು. ಬೇರೆಯೋರಿಗೆ ಅಳೆದು ಕೊಡೋವಾಗಲೂ ಲಾಭ ಅಂತಾನೇ ಶುರು ಮಾಡೋದು, ಯಾರಿಗೆ ಲಾಭ ಅಂತ ಹೇಳಲ್ಲ. ಮೂರು ಸೇರು ಅಳೆದಾದ್ಮೇಲೆ ಒಂದು ಬೊಗಸೆ ಮೇಲೆ ಸುರೀತಾರೆ. ಆ ಬೊಗಸೆ ಯಾವ ಲೆಕ್ಕಕ್ಕೂ ಇಲ್ಲ. ಸ್ವಾರ್ಥ ಅನ್ನೋದಾದ್ರೆ ಆ ಬೊಗಸೆಗೆ ಏನಂತ ಕರೀಬೇಕು ಅಂತ ನಿಮ್ಮ ಲೆಕ್ಚರರ್‌ನ ಕೇಳು.

ಪ್ರ: ನಮ್ಮತ್ತೆ ನೆಂಟರ ಮುಂದೆ ನನ್ನ ಸೊಸೆ ಬಂಗಾರ ಅಂತಾರೆ, ನೆಂಟರು ಹೋದ್ಮೇಲೆ ಸಾರಿಗೆ ಉಪ್ಪು ಜಾಸ್ತಿ ಅಂತ ತಟ್ಟೆ ತಳ್ತಾರೆ. ಯಾವುದು ನಿಜ?
(ಎಂಸಿಸಿ ಬಿ ಬ್ಲಾಕ್, ದಾವಣಗೆರೆ)

ಉ: ಎರಡೂ ನಿಜ ತಂಗಿ. ಬಂಗಾರ ಅಂದಿದ್ದೂ ನಿಜ, ಉಪ್ಪು ಜಾಸ್ತಿ ಆಗಿದ್ದೂ ನಿಜ ಇರಬಹುದು, ಒಂದ್ಸಲ ರುಚಿ ನೋಡು.

ಪ್ರ: ನನಗೆ ಅರವತ್ತೆಂಟು ವರ್ಷ. ಹೊಲದ ಬದುವಿಗೆ ಇಪ್ಪತ್ತು ಹುಣಸೆ ಸಸಿ ಇಟ್ಟೆ. ಊರಲ್ಲಿ 'ಅಜ್ಜಾರು ಯಾವ ಕಾಲಕ್ಕೆ ಹಣ್ಣು ತಿಂತಾರಂತೆ' ಅಂತ ನಗ್ತಾರೆ, ಬೆಂಗಳೂರಲ್ಲಿರೋ ಮಗಾನೂ ನಗ್ತಾನೆ. ನಮ್ಮ ಕಾಲಕ್ಕೆ ಸಿಗದೇ ಇರೋದಕ್ಕೆ ಕಷ್ಟಪಡೋದು ಹುಚ್ಚಾ?
(ಹಿರಿಯೂರು ತಾಲ್ಲೂಕಿನ ಒಬ್ಬ ರೈತ)

ಉ: ಅಜ್ಜಾರೆ, ನಿಮ್ಮ ಪಕ್ಕದಲ್ಲೇ ಮಾರಿಕಣಿವೆ ಇಟ್ಕೊಂಡು ನನ್ನ ಕೇಳ್ತೀರಲ್ಲ. ವೇದಾವತಿಗೆ ಅಡ್ಡ ಆ ಡ್ಯಾಮ್, ಅದೇ ವಾಣಿವಿಲಾಸ ಸಾಗರ, ಕಟ್ಟಿ ಮುಗಿಸಿದ್ದು 1907ರಲ್ಲಿ. ಮೊದಲ ಸಲ ಕೋಡಿ ಬಿದ್ದಿದ್ದು 1933ರಲ್ಲಿ, ಇಪ್ಪತ್ತಾರು ವರ್ಷ ಆದ್ಮೇಲೆ. ಆಮೇಲೆ ಮತ್ತೆ ಬಿದ್ದಿದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷ! 2022ರಲ್ಲಿ ನಾನೂ ಬಸ್ಸಲ್ಲಿ ನಿಂತ್ಕೊಂಡೇ ಬಂದು ನೋಡಿದೆ, ಜಾತ್ರೆ ಜನ, ಎಲ್ಲರ ಕೈಯಲ್ಲೂ ಮೊಬೈಲು, ಹೆಣ್ಣುಮಕ್ಕಳು ಮಂಡಕ್ಕಿ ಮೆಣಸಿನಕಾಯಿ ಕಟ್ಕೊಂಡು ಬಂದು ಅಲ್ಲೇ ಕೂತು ತಿಂತಿದ್ರು. ನನ್ನ ಪಕ್ಕ ಒಬ್ಬ ಮುದುಕಪ್ಪ ಏನೂ ಮಾತಾಡದೇ ನೀರು ನೋಡ್ತಾ ನಿಂತಿದ್ದ, ಎಷ್ಟೋ ಹೊತ್ತು ಆದ್ಮೇಲೆ 'ನಮ್ಮಪ್ಪ ಹೇಳ್ತಿದ್ದ, ನಾ ಸುಳ್ಳು ಅಂದ್ಕೊಂಡಿದ್ದೆ' ಅಂದ. ಅಷ್ಟೇ ಅಂದಿದ್ದು.

ಆದ್ರೆ ಒಂದು ವಿಷಯ ಜನ ಮರೀತಾರೆ. ಡ್ಯಾಮ್ ಕಟ್ಟೋದು ಕೋಡಿ ಬೀಳಲಿ ಅಂತಲ್ಲ, ನೀರು ನಿಲ್ಲಲಿ ಅಂತ. ಕೋಡಿ ಬೀಳದೇ ಇದ್ದ ಆ ಎಂಬತ್ತೊಂಬತ್ತು ವರ್ಷದಲ್ಲೂ ಬರಗಾಲ ಬಿಟ್ರೆ ಹಿರಿಯೂರಿನ ತೋಟಕ್ಕೆ ನೀರು ಹೋಗಿದೆ, ಚಿತ್ರದುರ್ಗದ ನಲ್ಲಿಗೆ ನೀರು ಬಂದಿದೆ, ಅದನ್ನ ನೋಡೋಕೆ ಯಾರೂ ಬಸ್ ಹತ್ತಿ ಹೋಗ್ಲಿಲ್ಲ. ಈಗ ಭದ್ರಾ ನೀರೂ ಬರ್ತಿದೆ, 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು, ಈ ಸಲ ಎಂಬತ್ತೊಂಬತ್ತು ವರ್ಷ ಕಾಯೋದೇನೂ ಬೇಕಾಗ್ಲಿಲ್ಲ. ಹಂಗೆ ನಿಮ್ಮ ಹುಣಸೆನೂ, ಹಣ್ಣು ಬಿಡೋಕೆ ಮುಂಚೆ ನೆರಳು ಬಿಡುತ್ತೆ, ಚಿಗುರು ಬಿಡುತ್ತೆ, ಹುಣಸೆ ಚಿಗುರಿನ ಸಾರು ನಗೋರ ಮನೆಗೂ ಒಂದು ಬಟ್ಟಲು ಕಳಿಸಿ. ಇಟ್ಟಿರೋದು ಕಸಿ ಗಿಡ ಆದ್ರೆ ಬೇಗನೇ ಕಾಯಿ ಕಾಣ್ತೀರಿ, ಬೀಜದ ಸಸಿ ಆದ್ರೆ ಎಂಟತ್ತು ವರ್ಷ. ಎಪ್ಪತ್ತೆಂಟು ಏನು ದೊಡ್ಡ ವಯಸ್ಸಾ, ಹಲ್ಲು ನೋಡ್ಕೊಳ್ಳಿ.

ಪ್ರ: ನಾನು ಎರಡನೇ ಪಿಯುಸಿ. ಲ್ಯಾಬಲ್ಲಿ ವೈವಾ ಅಂದ್ರೆ ಕೈ ನಡುಗುತ್ತೆ, ಗೊತ್ತಿರೋದೂ ಮರೆತುಹೋಗುತ್ತೆ. ನಾವು ಓಬವ್ವನ ಊರಿನೋರು, ನಿನಗೆ ನಾಚಿಕೆ ಆಗಲ್ವಾ ಅಂತ ನಮ್ಮ ಮಾವ ತಮಾಷೆ ಮಾಡ್ತಾರೆ. ಧೈರ್ಯ ಹೆಂಗೆ ಬರುತ್ತೆ ಅಜ್ಜ?
(ಚಿತ್ರದುರ್ಗದಿಂದ ಒಬ್ಬ ವಿದ್ಯಾರ್ಥಿನಿ)

ಉ: ನಿಮ್ಮ ಮಾವನಿಗೆ ಹೇಳಮ್ಮ, ಓಬವ್ವನಿಗೆ ಕೈ ನಡುಗಲಿಲ್ಲ ಅಂತ ಯಾರೂ ನೋಡಿ ಬಂದು ಹೇಳಿಲ್ಲ. ಅವಳು ಸೈನ್ಯ ಹುಡುಕ್ಕೊಂಡು ಹೋಗಲಿಲ್ಲ, ನೀರು ತರೋಕೆ ಹೋದೋಳು. ಗಂಡ ಉಣ್ಣೋಕೆ ಕೂತಿದ್ದ, ಎಬ್ಬಿಸಲಿಲ್ಲ, ಕೈಗೆ ಸಿಕ್ಕಿದ್ದು ಒನಕೆ. ಕೋಟೆಗೆ ಹೋದಾಗ ಆ ಕಿಂಡಿ ಹತ್ರ ಒಂದು ಸಲ ಸುಮ್ಮನೆ ನಿಂತು ನೋಡು, ಸೆಲ್ಫಿ ತಗೊಳ್ಳೋರ ಗಲಾಟೆ ಕಮ್ಮಿ ಇರೋ ಹೊತ್ತಲ್ಲಿ ಹೋಗು. ಒಬ್ಬ ಬಗ್ಗಿ ನುಸುಳೋವಷ್ಟೇ ಜಾಗ ಅದು. ಹೈದರಾಲಿಯ ದಂಡು ಎಷ್ಟೇ ದೊಡ್ಡದಿರಲಿ, ಅವಳ ಕಣ್ಣಿಗೆ ಬಿದ್ದಿದ್ದು ಒಂದು ಸಲಕ್ಕೆ ಒಂದು ತಲೆ. ನಿನ್ನ ವೈವಾದಲ್ಲೂ ಎಕ್ಸಾಮಿನರ್ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳೋದು, ನೀನು ಇಡೀ ಸಿಲಬಸ್ ಒಳಗೆ ನುಗ್ತಿದೆ ಅಂದ್ಕೊಂಡು ನಡುಗ್ತೀಯ. ಕೈ ನಡುಗಿದ್ರೆ ನಡುಗಲಿ, ಪಿಪೆಟ್ ಎರಡು ಕೈಯಲ್ಲಿ ಹಿಡ್ಕೋ.

ಪ್ರ: ಎಲ್ಲರಿಗೂ ಬುದ್ಧಿ ಹೇಳ್ತೀರಲ್ಲ, ನೀವು ಅದರಂಗೆ ಬದುಕಿದೀರಾ? ನಿಜ ಬರೀರಿ.
(ಒಬ್ಬ ಹಳೇ ಓದುಗ, ಪಿ.ಜೆ. ಬಡಾವಣೆ)

ಉ: ಮೇಲೆ 60 ಚೀಲದ ಕಥೆ ಬರೆದಿದೀನಿ. ಅದು ಹಳೇದು, ಈಗ ಸುಧಾರಿಸಿರಬಹುದು ಅಂತ ನಿಮಗೆ ಅನುಮಾನ ಇದ್ರೆ ಹೋದ ಭಾನುವಾರದ್ದು ಹೇಳ್ತೀನಿ.

ಮೊಮ್ಮಗಳನ್ನ ಕರ್ಕೊಂಡು ಬೆಣ್ಣೆದೋಸೆ ತಿನ್ನೋಕೆ ಹೋಗಿದ್ದೆ. ಸೌದೆ ಒಲೆ ಹೊಗೆ, ರಶ್ಶು, ಒಬ್ಬರು ಏಳೋ ಮುಂಚೆ ಹಿಂದೆ ಇನ್ನೊಬ್ಬರು ಚೇರ್ ಹಿಡ್ಕೊಂಡು ನಿಂತಿರ್ತಾರೆ. ನಾನು ಎರಡು ಬೆಣ್ಣೆದೋಸೆ, ಅವಳು ಒಂದು ಬೆಣ್ಣೆದೋಸೆ ಒಂದು ಖಾಲಿ. ಸಪ್ಲೈಯರ್ ಗಲ್ಲಾ ಕಡೆ ಕೂಗಿ ಹೇಳಿದ್ದು ಮೂರು ದೋಸೆ ಲೆಕ್ಕ, ಖಾಲಿ ಬಿಟ್ಟುಹೋಯ್ತು. ಮೂವತ್ತೊಂದು ವರ್ಷ ಲೆಕ್ಕ ಬರೆದ ಕಿವಿ ನಂದು, ಕೇಳಿಸಲಿಲ್ಲ ಅಂತ ಹೇಳೋಕೆ ಆಗಲ್ಲ. ದುಡ್ಡು ಕೊಟ್ಟೆ, ಹೊರಗೆ ಬಂದೆ, ಸ್ಕೂಟರ್ ಹತ್ರ ಬರೋ ಅಷ್ಟರಲ್ಲಿ ತಲೆ ಒಳಗೆ ಎಲ್ಲಾ ಸರಿ ಮಾಡ್ಕೊಂಡಿದ್ದೆ, ಹೋದ ತಿಂಗಳು ಇದೇ ಹೋಟೆಲಲ್ಲಿ ಬೆಣ್ಣೆ ಕಮ್ಮಿ ಹಾಕಿದ್ರು, ಚಟ್ನಿ ಎರಡನೇ ಸಲ ಕೇಳಿದ್ರೆ ಕೊಡಲಿಲ್ಲ, ಅಲ್ಲಿಗೆ ಅಡ್ಜಸ್ಟ್. ಆಗ ಮೊಮ್ಮಗಳು 'ಅಜ್ಜ, ಖಾಲಿ ದೋಸೆದು ಕೊಟ್ಟಿಲ್ಲ' ಅಂದ್ಲು.

ಅಯ್ಯೋ ಹೌದಲ್ಲಾ ಅಂತ ಹಣೆ ಹಣೆ ಬಡ್ಕೊಂಡು ವಾಪಸ್ ಹೋದೆ. ಗಲ್ಲಾ ಮುಂದೆ ನಿಂತು ನಾಕು ಜನಕ್ಕೆ ಕೇಳಿಸೋ ಹಂಗೆ 'ಒಂದು ಖಾಲಿ ದೋಸೆದು ಬಿಟ್ಟುಹೋಗಿತ್ತಪ್ಪ' ಅಂದೆ. ಕೂತಿದ್ದ ಹುಡುಗ ಮುಖಾನೂ ಎತ್ತಲಿಲ್ಲ, ದುಡ್ಡು ಡ್ರಾಯರಿಗೆ ಹಾಕ್ಕೊಂಡು ಹಿಂದಿನೋರ ಕಡೆ ಕೈ ಚಾಚಿದ. ಥ್ಯಾಂಕ್ಸು ಇಲ್ಲ ಏನಿಲ್ಲ. ನನಗೆ ಎಷ್ಟು ಬೇಜಾರಾಯ್ತು ಅಂದ್ರೆ ಜಗಳೂರಿನ ಯಜಮಾನ್ರಿಗೆ ಅಷ್ಟೆಲ್ಲ ಬೈದಿದ್ದು ಯಾಕೆ ಅಂತ ಅನ್ನಿಸಿಬಿಡ್ತು.

ಸ್ಕೂಟರ್ ಸ್ಟಾರ್ಟ್ ಮಾಡ್ತಿದ್ದೆ, ಹಿಂದೆ ಕೂತ್ಕೊಂಡು ಅವಳು 'ಅಜ್ಜ, ನಾನು ಹೇಳದೇ ಇದ್ದಿದ್ರೆ ನೀನು ಕೊಡ್ತಿರ್ಲಿಲ್ಲ ಅಲ್ವಾ?' ಅಂದ್ಲು.

ಐಸ್‌ಕ್ರೀಂ ಬೇಕಾ ಅಂತ ಕೇಳ್ದೆ.